ಚೆರಾಪುಂಜಿಗೆ ಬಿದ್ದ ಮಳೆ ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮದು ಚಳ್ಳಕೆರೆ. ಮಗಳು ಒಂಬತ್ತನೇ ತರಗತಿ. ಅವಳ ಸಮಾಜ ವಿಜ್ಞಾನದ ನೋಟ್ಸ್‌ನಲ್ಲಿ ‘ಮಾನ್ಸೂನ್ ಪ್ರದೇಶಗಳಲ್ಲಿ ಮಳೆ ಹೆಚ್ಚು ಬೀಳುವ ಕಡೆ ಜನಸಾಂದ್ರತೆ ಹೆಚ್ಚು’ ಎಂದು ಬರೆಸಿದ್ದಾರೆ. ‘ಹಾಗಾದರೆ ಚೆರಾಪುಂಜಿಯಲ್ಲಿ ಯಾಕೆ ಜನ ತುಂಬಿಲ್ಲ? ಅಲ್ಲಿ ಚಳಿಗಾಲದಲ್ಲಿ ಕುಡಿಯೋ ನೀರಿಗೂ ಕಷ್ಟವಂತೆ, ನಿಜವಾ? ಬಿಹಾರಕ್ಕೆ ಅಷ್ಟು ಮಳೆ ಇಲ್ಲದಿದ್ದರೂ ಅಲ್ಲಿ ಅಷ್ಟೊಂದು ಜನ ಹೇಗೆ?’ ಅಂತ ಕೇಳಿದಳು. ನನಗೆ ಹೇಳಲು ಗೊತ್ತಾಗಲಿಲ್ಲ. ಪರೀಕ್ಷೆಗೆ ಏನು ಬರೆಯಬೇಕು ಅನ್ನುವುದನ್ನೂ ತಿಳಿಸಿ.

ಉತ್ತರ: ನಿಮ್ಮ ಮಗಳ ಅನುಮಾನ ಸರಿಯಾಗಿದೆ. ನೋಟ್ಸ್‌ನ ಆ ವಾಕ್ಯ ಅರ್ಧ ನಿಜ. ಪಾಠ ಮಾಡುವ ಕಾಲದಲ್ಲಿ ನಾನೂ ಅದನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದವನೇ. ಹಾಗಾಗಿ ಉಳಿದರ್ಧವನ್ನು ಸ್ವಲ್ಪ ಬಿಡಿಸಿ ಹೇಳುವುದು ನನ್ನ ಜವಾಬ್ದಾರಿ ಅಂದುಕೊಳ್ಳುತ್ತೇನೆ.

ಮೊದಲು ಅಂಕಿಗಳನ್ನು ಎದುರುಬದುರು ಇಟ್ಟು ನೋಡಿ. 2011ರ ಜನಗಣತಿಯಂತೆ ಬಿಹಾರದಲ್ಲಿ ಒಂದು ಚದರ ಕಿ.ಮೀ.ಗೆ 1,106 ಜನ, ಚೆರಾಪುಂಜಿ ಇರುವ ಮೇಘಾಲಯದಲ್ಲಿ 132. ಪಟ್ನಾ ಕಡೆ ವರ್ಷಕ್ಕೆ 1,100 ಮಿ.ಮೀ. ಆಸುಪಾಸು ಮಳೆಯಾದರೆ ಚೆರಾಪುಂಜಿಯಲ್ಲಿ 11,000 ಮಿ.ಮೀ. ದಾಟುತ್ತದೆ. ಮಳೆ ಹತ್ತು ಪಟ್ಟು, ಜನ ಎಂಟರಲ್ಲೊಂದು ಪಾಲು. ಹಾಗೆಂದು ನೋಟ್ಸ್ ಪೂರ್ತಿ ಸುಳ್ಳೂ ಅಲ್ಲ. ಧಾರಾಳ ಮಳೆಯ ಕೇರಳದಲ್ಲಿ ಸಾಂದ್ರತೆ 860. ಮಳೆಯೇ ಅಪರೂಪವಾದ ಜೈಸಲ್ಮೇರ್ ಜಿಲ್ಲೆಯಲ್ಲಿ ಬರೀ 17. ಅಂದರೆ ಮಳೆಗೂ ಜನಕ್ಕೂ ಸಂಬಂಧ ಇದೆ, ಆದರೆ ಅದು ನೇರವಾದದ್ದಲ್ಲ. ನಡುವೆ ಇನ್ನೊಂದು ಪ್ರಶ್ನೆ ಕೂತಿದೆ: ಬಿದ್ದ ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ?

ಈ ಪ್ರಶ್ನೆ ಮಾನ್ಸೂನ್ ಸೀಮೆಗಳಲ್ಲಿ ಏಕೆ ಇಷ್ಟು ದೊಡ್ಡದಾಗುತ್ತದೆ ಎನ್ನುವುದಕ್ಕೆ ನಿಮ್ಮೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಚಳ್ಳಕೆರೆಗೆ ವರ್ಷಕ್ಕೆ ಹೆಚ್ಚುಕಡಿಮೆ 500 ಮಿ.ಮೀ. ಮಳೆ. ಲಂಡನ್ನಿಗೆ 600. ಅಂಥ ದೊಡ್ಡ ವ್ಯತ್ಯಾಸವೇನಲ್ಲ. ಆದರೂ ಲಂಡನ್ ಸುತ್ತ ವರ್ಷವಿಡೀ ಹುಲ್ಲು ಹಸಿರಾಗಿರುತ್ತದೆ, ನಿಮ್ಮಲ್ಲಿ ಶಿವರಾತ್ರಿ ಕಳೆಯುವಷ್ಟರಲ್ಲಿ ಕಾವಲು ಬೂದಿಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಿ ಮಳೆ ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುತ್ತದೆ, ಬಿಸಿಲೂ ಮೆತ್ತಗೆ. ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಬಂದದ್ದನ್ನು ಹನ್ನೆರಡು ತಿಂಗಳು ಉಣ್ಣಬೇಕು. ದೇಶದ ಲೆಕ್ಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ವಾಡಿಕೆ ಮಳೆ ಸುಮಾರು 870 ಮಿ.ಮೀ. ಇಡೀ ವರ್ಷದ ಮಳೆಯಲ್ಲಿ ಮುಕ್ಕಾಲು ಪಾಲು ಇದೇ. ಜೂನ್ 1ಕ್ಕೆ ಕೇರಳ ಮುಟ್ಟಿ, ಜುಲೈ 8ರ ಹೊತ್ತಿಗೆ ದೇಶವೆಲ್ಲ ಹಬ್ಬಿ, ಸೆಪ್ಟೆಂಬರ್ 17ರಿಂದ ರಾಜಸ್ಥಾನದ ಕಡೆಯಿಂದ ಹಿಂದೆ ಸರಿಯುವುದು ಅದರ ವಾಡಿಕೆ. ಮಾನ್ಸೂನ್ ಎಂಬ ಹೆಸರೇ ಋತು ಎನ್ನುವ ಅರ್ಥದ ಅರಬ್ಬಿಯ ‘ಮೌಸಿಮ್’ ಪದದಿಂದ ಬಂದದ್ದು. ಕಡಲು ದಾಟಿ ವ್ಯಾಪಾರಕ್ಕೆ ಬರುತ್ತಿದ್ದವರಿಗೆ ಮಳೆಗಿಂತ ಮುಖ್ಯವಾಗಿದ್ದದ್ದು ಗಾಳಿ ಯಾವ ತಿಂಗಳು ಯಾವ ದಿಕ್ಕಿಗೆ ತಿರುಗುತ್ತದೆ ಎನ್ನುವುದು.

ಆ ಗಾಳಿ ಏಕೆ ತಿರುಗುತ್ತದೆ? ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನಕ್ಕೆ ಕಾಯುತ್ತದೆ, ಕಾದ ಗಾಳಿ ಮೇಲೇರಿದ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ ಎಂದು ಪಠ್ಯ ಹೇಳುತ್ತದೆ. 1686ರಲ್ಲಿ ಎಡ್ಮಂಡ್ ಹ್ಯಾಲಿ ಕೊಟ್ಟ ವಿವರಣೆಯ ತಿರುಳೂ ಇದೇ. ತಪ್ಪಲ್ಲ, ಆದರೆ ಸಾಲದು. ನೆಲ ಕಾಯುವುದೊಂದೇ ಕಾರಣವಾಗಿದ್ದರೆ ಮೇ ತಿಂಗಳ ಉರಿಬಿಸಿಲಲ್ಲಿ ಎಲ್ಲಕ್ಕಿಂತ ಜೋರು ಮಳೆ ಬರಬೇಕಿತ್ತು. ಜುಲೈನಲ್ಲಿ ನೆಲ ಮೇ ತಿಂಗಳಿಗಿಂತ ತಣ್ಣಗಿರುತ್ತದೆ, ಮಳೆ ಬರುವುದು ಮಾತ್ರ ಆಗಲೇ. ಇದನ್ನು ನಿಮ್ಮ ಮಗಳಿಗೆ ತಪ್ಪದೆ ಹೇಳಿ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಭೂಮಿಗೆ ಉಡಿದಾರ ಕಟ್ಟಿದ ಹಾಗೆ ಮೋಡಗಳ ಪಟ್ಟಿಯೊಂದಿದೆ. ಸೂರ್ಯ ಉತ್ತರಕ್ಕೆ ಸರಿದರೆ ಅದೂ ಉತ್ತರಕ್ಕೆ ಸರಿಯುತ್ತದೆ. ಬೇರೆ ಸಾಗರಗಳ ಮೇಲೆ ಈ ಓಲಾಟ ಸಣ್ಣದು. ನಮ್ಮ ಕಡೆ ಮಾತ್ರ ಅದು ಜುಲೈ ಹೊತ್ತಿಗೆ ಗಂಗೆಯ ಬಯಲಿನವರೆಗೂ ಏರಿಬಿಡುತ್ತದೆ. ದಕ್ಷಿಣದ ಹಿಂದೂ ಮಹಾಸಾಗರದಿಂದ ಹೊರಟ ಗಾಳಿ ಸಮಭಾಜಕ ದಾಟಿ, ಸೊಮಾಲಿಯಾದ ಕರಾವಳಿಯಲ್ಲಿ ಬಲಕ್ಕೆ ಹೊರಳಿ, ಅರಬ್ಬೀ ಸಮುದ್ರದ ತೇವ ಹೀರಿಕೊಂಡು ಇತ್ತ ಬರುತ್ತದೆ. ಉತ್ತರದಲ್ಲಿ ಹಿಮಾಲಯ ಅಡ್ಡ ನಿಂತು ಮಧ್ಯ ಏಷ್ಯಾದ ಒಣ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಆವಿ ಮೋಡವಾಗುವಾಗ ಬಿಡುವ ಶಾಖ ಇನ್ನಷ್ಟು ಗಾಳಿಯನ್ನು ಸೆಳೆಯುತ್ತದೆ. ಒಮ್ಮೆ ಹತ್ತಿಕೊಂಡ ಮಳೆ ತನ್ನನ್ನು ತಾನೇ ಸಾಕಿಕೊಳ್ಳುವುದು ಹೀಗೆ.

ಹೀಗೆ ಬಂದ ಗಾಳಿಗೆ ಮೊದಲು ಎದುರಾಗುವುದು ನಮ್ಮ ಪಶ್ಚಿಮ ಘಟ್ಟ. ಘಟ್ಟದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ಮೀರುತ್ತದೆ. ಅಲ್ಲಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೆ 200 ಕಿ.ಮೀ. ಕೂಡ ಆಗುವುದಿಲ್ಲ. ಏರುವಾಗ ತಣ್ಣಗಾಗಿ ನೀರು ಸುರಿಸಿದ ಗಾಳಿ ಇಳಿಯುವಾಗ ಬಿಸಿಯಾಗುತ್ತದೆ, ಉಳಿದ ತೇವವನ್ನು ಬಿಡಲು ಒಪ್ಪುವುದಿಲ್ಲ. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವುದನ್ನು ನೀವು ನೋಡಿರುತ್ತೀರಿ. ಅವನ್ನು ತಿರುಗಿಸುತ್ತಿರುವುದು ಘಟ್ಟದಲ್ಲಿ ಹೊರೆ ಇಳಿಸಿ ಬಂದ ಅದೇ ಮುಂಗಾರು ಗಾಳಿ. ನಿಮ್ಮ ಕಡೆ ಮಳೆ ಕೈಹಿಡಿಯುವುದು ಬಹುಪಾಲು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಆ ಗಾಳಿ ಸಡಿಲಿ ಹಿಂಗಾರಿಗೆ ದಾರಿಬಿಟ್ಟ ಮೇಲೆ.

ಈಗ ಚೆರಾಪುಂಜಿಗೆ ಬರೋಣ. ಅಲ್ಲಿಯವರು ಅದನ್ನು ಸೋಹ್ರಾ ಎನ್ನುತ್ತಾರೆ. ಅಲ್ಲಿ 1860ರ ಆಗಸ್ಟ್‌ನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ 26,461 ಮಿ.ಮೀ. ಮಳೆ ದಾಖಲಾಗಿದೆ. ಆ ದಾಖಲೆಯನ್ನು ಜಗತ್ತಿನ ಬೇರೆ ಯಾವ ಊರೂ ಮುರಿದಿಲ್ಲ. ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋದದ್ದು ಒಂದು ಜನವರಿಯಲ್ಲಿ. ಹುಡುಗರು ಹಸಿರು ಕಾಡನ್ನು ಎಣಿಸಿಕೊಂಡು ಬಂದಿದ್ದರು. ಕಂಡದ್ದು ಒಣಗಿ ಹಳದಿಯಾದ ಹುಲ್ಲಿನ ಬೋಳು ಗುಡ್ಡ. ರಸ್ತೆಯ ತಿರುವಿನಲ್ಲಿ ಬಂಡೆಯ ಸಂದಿಗೆ ಸೀಳಿದ ಬಿದಿರು ಸಿಕ್ಕಿಸಿದ್ದರು. ಅದರ ತುದಿಯಿಂದ ಹೆಬ್ಬೆರಳು ಗಾತ್ರವೂ ಇಲ್ಲದ ನೀರಿನ ಎಳೆ. ಅದರ ಮುಂದೆ ಪ್ಲಾಸ್ಟಿಕ್ ಕ್ಯಾನುಗಳ ಸಾಲು. ಒಬ್ಬ ಹೆಂಗಸು ತುಂಬಿದ ಕ್ಯಾನುಗಳನ್ನು ಬಿದಿರಿನ ಬುಟ್ಟಿಗೆ ಇಳಿಸಿ, ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು, ಬಾಗಿಕೊಂಡು ಏರು ಹತ್ತಿದಳು. ಆರು ತಿಂಗಳ ಹಿಂದೆ ಅದೇ ದಾರಿಯಲ್ಲಿ ಅವಳು ‘ಕ್ನುಪ್’ ಹೊದ್ದು ನಡೆದಿರುತ್ತಾಳೆ. ಬಿದಿರು, ಎಲೆ ಹೆಣೆದು ಮಾಡಿದ, ಆಮೆಯ ಚಿಪ್ಪಿನಂತೆ ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುವ ಮಳೆಗೊರಬು ಅದು. ನಮ್ಮ ಮಲೆನಾಡಿನ ಗೊರಬನ್ನು ಬಲ್ಲವರು ನೋಡಿದರೆ ಒಂದೇ ಮನೆಯ ಅಕ್ಕತಂಗಿ ಅಂದಾರು. ಬಗ್ಗಿ ನಾಟಿ ಮಾಡುವ ಕೈಗಳೆರಡನ್ನೂ ಬಿಡುವಾಗಿಟ್ಟು ಬೆನ್ನು ಒಣಗಿರಬೇಕು ಎಂಬ ಒಂದೇ ಕಷ್ಟಕ್ಕೆ ಎರಡು ದೂರದ ನಾಡುಗಳು ಕಂಡುಕೊಂಡ ಒಂದೇ ಉಪಾಯ.

ಆ ನೀರಿಗೆ ಆದದ್ದೇನೆಂದರೆ, ಸೋಹ್ರಾ ಇರುವುದು 1,300 ಮೀಟರ್ ಎತ್ತರದ ಚಪ್ಪಟೆ ಬೆಟ್ಟದ ತುತ್ತತುದಿಯಲ್ಲಿ. ಬೆಟ್ಟ ದಕ್ಷಿಣಕ್ಕೆ ಗೋಡೆ ಕಡಿದ ಹಾಗೆ ಇಳಿದು ಬಾಂಗ್ಲಾದೇಶದ ಬಯಲಿಗೆ ಸೇರುತ್ತದೆ. ಬಂಗಾಳ ಕೊಲ್ಲಿಯ ಮೋಡಗಳು ಆ ಗೋಡೆಗೆ ಹಾಯ್ದು ಸುರಿಯುತ್ತವೆ. ಐವತ್ತು ಕಿ.ಮೀ. ಒಳಗಿನ ಶಿಲ್ಲಾಂಗ್‌ಗೆ ಅದರ ಐದರಲ್ಲೊಂದು ಪಾಲು ಸಿಕ್ಕರೆ ಹೆಚ್ಚು. ಅಷ್ಟು ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗಿದೆ. ಉಳಿದ ತೆಳು ಪದರದ ಕೆಳಗೆ ಮರಳುಗಲ್ಲು, ಸುಣ್ಣಗಲ್ಲು. ಸುಣ್ಣಗಲ್ಲಿನ ಬಿರುಕಿಗೆ ಬಿದ್ದ ನೀರು ಗುಹೆಗಳಲ್ಲಿ ಜಾರಿ ಬೆಟ್ಟದ ಬುಡದಲ್ಲಿ ಹೊರಬರುತ್ತದೆ. ಮರ ಕಡಿದದ್ದು, ಕಲ್ಲಿದ್ದಲು ಸುಣ್ಣಗಲ್ಲು ಅಗೆದದ್ದು ಇದಕ್ಕೆ ಇನ್ನಷ್ಟು ಕೂಡಿಸಿತು. ಶಿಲ್ಲಾಂಗ್ ಹತ್ತಿರದ ಮಾವ್‌ಫ್ಲಾಂಗ್‌ನಲ್ಲಿ ಅಲ್ಲಿನ ಖಾಸಿ ಬುಡಕಟ್ಟಿನವರ ದೇವರಕಾಡೊಂದಿದೆ, ಕೊಡಗಿನಲ್ಲಿರುವ ಹಾಗೆಯೇ. ಅಲ್ಲಿ ಎಲೆ ಕೊಳೆತು ಕಪ್ಪಾದ ನೆಲಕ್ಕೆ ಕಾಲಿಟ್ಟರೆ ಹತ್ತಿಯ ಮೇಲೆ ನಿಂತ ಹಾಗೆ. ಜನವರಿಯಲ್ಲೂ ತಂಪು. ಸೋಹ್ರಾದ ಬೋಳು ಗುಡ್ಡದ ಮೇಲೂ ಅಂಥ ಹೊದಿಕೆ ಒಂದಿಷ್ಟಿದ್ದಿದ್ದರೆ ಆ ಬಿದಿರಿನ ಎಳೆ ಇನ್ನೂ ದಪ್ಪಗಿರುತ್ತಿತ್ತು ಎಂದೇ ನನ್ನ ನಂಬಿಕೆ.

ಸೋಹ್ರಾದಿಂದ ಜಾರಿದ ನೀರು ಕೆಲವೇ ಗಂಟೆಗಳಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಗೆ ಇಳಿಯುತ್ತದೆ. ಅಲ್ಲಿ ‘ಹಾವೋರ್’ ಎಂಬ ತಟ್ಟೆಯಂಥ ತಗ್ಗುಗಳಿವೆ. ಮಳೆಗಾಲದಲ್ಲಿ ದಡ ಕಾಣದ ಕಡಲು, ಚಳಿಗಾಲದಲ್ಲಿ ಕಣ್ಣು ಹಾಯುವಷ್ಟೂ ಭತ್ತದ ಗದ್ದೆ. ಮಣ್ಣು ಪೇರಿಸಿ ಎತ್ತರಿಸಿದ ದಿಬ್ಬಗಳ ಮೇಲೆ ಮನೆಗಳು ಒತ್ತೊತ್ತಾಗಿ ಕೂತಿವೆ. ಮಳೆಗಾಲಕ್ಕೆ ದೋಣಿ, ಉಳಿದ ಕಾಲಕ್ಕೆ ಕಾಲು ಎಂಬ ಮಾತು ಅಲ್ಲಿ ಬಳಕೆಯಲ್ಲಿದೆ. ನೀರು ಇಳಿದ ಮೇಲೆ ನಾಟಿ ಮಾಡಿದ ‘ಬೋರೋ’ ಭತ್ತ ಏಪ್ರಿಲ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಮೇಘಾಲಯದಲ್ಲಿ ಮಳೆ ಹದಿನೈದು ದಿನ ಮೊದಲೇ ಸುರಿದರೆ ಎಲ್ಲ ಮುಳುಗಿತು. 2017ರಲ್ಲಿ ಆದದ್ದು ಅದೇ.

ಅಲ್ಲಿಂದ ಗಂಗೆಯ ಬಯಲಿಗೆ ಬಂದರೆ ಚಿತ್ರವೇ ಬದಲಾಗುತ್ತದೆ. ನಿಮ್ಮ ಮಗಳ ಮುಖ್ಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಿಮಾಲಯದ ಮುಂದೆ ಒಂದು ಕಾಲಕ್ಕೆ ಆಳವಾದ ಹಳ್ಳವಿತ್ತು. ಲಕ್ಷಾಂತರ ವರ್ಷಗಳಿಂದ ನದಿಗಳು ಬೆಟ್ಟವನ್ನು ಅರೆದು ತಂದು ಅದನ್ನು ತುಂಬಿವೆ. ಕೆಲವು ಕಡೆ ಈ ಮೆಕ್ಕಲು ಸಾವಿರಾರು ಮೀಟರ್ ದಪ್ಪ. ಮರಳು, ಜೇಡಿ, ಮರಳು, ಜೇಡಿ ಎಂದು ಪದರಗಳು. ಇಡೀ ಬಯಲು ನೀರು ಕುಡಿದು ಕೂತ ಒಂದು ದೊಡ್ಡ ಹಾಸಿಗೆ. ನೆಲ ಎಷ್ಟು ಸಮತಟ್ಟು ಅಂದರೆ ದೆಹಲಿ ಇರುವುದು ಕಡಲಮಟ್ಟದಿಂದ 215 ಮೀಟರ್ ಮೇಲೆ, ಪಟ್ನಾ 53 ಮೀಟರ್. ನೀರಿಗೆ ಓಡಿಹೋಗುವ ಅವಸರವೇ ಇಲ್ಲ, ನಿಂತು ಇಂಗುತ್ತದೆ. ಬಿಹಾರದ ಹಳ್ಳಿಗಳಲ್ಲಿ ಕೈಪಂಪನ್ನು ‘ಚಾಪಾಕಲ್’ ಎನ್ನುತ್ತಾರೆ. ಮನೆ ಅಂಗಳದಲ್ಲಿ ಅದು ತುಳಸಿಕಟ್ಟೆಯಷ್ಟೇ ಸಾಮಾನ್ಯ. ನಾಲ್ಕು ಸಲ ಒತ್ತಿದರೆ ನೀರು. ಏಪ್ರಿಲ್‌ನಲ್ಲೂ.

ನೀರು ಹೀಗೆ ಕೈಗೆಟುಕಿದರೆ 1,100 ಮಿ.ಮೀ. ಮಳೆ ಎರಡು ಬೆಳೆಯನ್ನು ಸಾಕುತ್ತದೆ, ಮಳೆಗಾಲದಲ್ಲಿ ಭತ್ತ, ಚಳಿಗಾಲದಲ್ಲಿ ಗೋಧಿ. ಪ್ರವಾಹ ಬಂದು ಹೋದ ನದಿಪಾತ್ರದ ಹೊಸ ಮಣ್ಣಿಗೆ ‘ಖಾದರ್’ ಎಂದೂ ಎತ್ತರದ ಹಳೆ ಮಣ್ಣಿಗೆ ‘ಬಾಂಗರ್’ ಎಂದೂ ಹೆಸರು. ಖಾದರ್‌ಗೆ ಪ್ರವಾಹವೇ ಗೊಬ್ಬರ. ಒಂದು ಎಕರೆ ಎಷ್ಟು ಹೊಟ್ಟೆ ತುಂಬಿಸಬಲ್ಲದೋ ಅದಕ್ಕೆ ತಕ್ಕಂತೆ ಜನ ಕೂಡುತ್ತಾರೆ, ಶತಮಾನಗಳಿಂದ ಕೂಡಿದ್ದಾರೆ. ಬಿಹಾರದ 1,106 ಎನ್ನುವ ಅಂಕಿಯ ಹಿಂದಿರುವುದು ಆಕಾಶಕ್ಕಿಂತ ಹೆಚ್ಚಾಗಿ ಆ ನೆಲ.

ಅಲ್ಲಿ ಕಷ್ಟ ಇಲ್ಲವೆಂದಲ್ಲ. ಮುಂಗಾರಿನ ನಡುವೆ ಒಂದೆರಡು ವಾರ ದೇಶದ ಬಹುಭಾಗದಲ್ಲಿ ಮಳೆ ಕೈಕೊಡುತ್ತದಲ್ಲ, ಆಗ ಮಳೆಯ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದಿರುತ್ತದೆ. ನಮ್ಮ ರೈತ ಮುಗಿಲು ನೋಡುತ್ತಿರುವ ಹೊತ್ತಿಗೆ ನೇಪಾಳದ ಬೆಟ್ಟದಲ್ಲಿ ಸುರಿದ ನೀರು ಬಿಹಾರವನ್ನು ಮುಳುಗಿಸುತ್ತದೆ. ಕೋಸಿ ನದಿ ಇನ್ನೂರು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಕಿ.ಮೀ. ಪಶ್ಚಿಮಕ್ಕೆ ಹೊರಳಿದೆ. ಅದನ್ನು ಹಿಡಿದಿಡಲು 1950ರ ದಶಕದ ಕೊನೆಯಲ್ಲಿ ಎರಡೂ ಬದಿಗೆ ಏರಿ ಕಟ್ಟಿದರು. ಹರಡಿಕೊಳ್ಳಲು ಜಾಗವಿಲ್ಲದ ಹೂಳು ಪಾತ್ರದಲ್ಲೇ ಕೂತು ನದಿ ಎತ್ತರವಾಗುತ್ತಾ ಬಂತು. 2008ರ ಆಗಸ್ಟ್ 18ರಂದು ನೇಪಾಳದ ಕುಸಾಹಾದಲ್ಲಿ ಏರಿ ಒಡೆದಾಗ ಕೋಸಿ ತನ್ನ ಹಳೆಯ ಹಾದಿ ಹಿಡಿಯಿತು. ದಶಕಗಳಿಂದ ಪ್ರವಾಹವನ್ನೇ ಕಾಣದ ಊರುಗಳು ನೀರಿಗೆ ಸಿಕ್ಕವು. ಬಿಹಾರದಲ್ಲಿ ಸುಮಾರು ಮೂವತ್ತು ಲಕ್ಷ ಜನ ತೊಂದರೆಗೊಳಗಾದರು. ಇದನ್ನು ಬರೀ ನಿಸರ್ಗದ ಮುನಿಸು ಎಂದು ಪಾಠ ಮಾಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹೂಳು ಹೊರುವ ನದಿಗೆ ಹೂಳು ಇಳಿಸಲು ಜಾಗ ಬಿಡದೆ ಕಟ್ಟಿದ್ದು ನಾವು.

ಗಂಗೆ ಬ್ರಹ್ಮಪುತ್ರೆಗಳು ಕೂಡಿ ಕಡಲಿಗೆ ಸೇರುವ ಬಾಂಗ್ಲಾದೇಶದಲ್ಲಿ ಸಾಂದ್ರತೆ 1,100ಕ್ಕೂ ಮೇಲೆ, ಅದೂ ಒಂದು ಇಡೀ ದೇಶದ ಲೆಕ್ಕ. ಅಲ್ಲಿನ ರೈತರ ಭಾಷೆಯಲ್ಲಿ ‘ಬೊರ್ಷಾ’ ಬೇರೆ, ‘ಬೊನ್ನಾ’ ಬೇರೆ. ಗದ್ದೆಗೆ ಹರಡಿ ಮೆಕ್ಕಲು ಕೊಟ್ಟು ಮೀನು ಕೊಟ್ಟು ಇಳಿದು ಹೋಗುವ ನೀರು ಬೊರ್ಷಾ. ಮನೆಮಾರು ಎಳೆದೊಯ್ಯುವುದು ಬೊನ್ನಾ. 1998ರಲ್ಲಿ ದೇಶದ ಮೂರರಲ್ಲಿ ಎರಡು ಪಾಲು ನೀರಿನಡಿ ಇದ್ದದ್ದು ಬೊನ್ನಾ. ಆದರೆ ಬೊರ್ಷಾ ಬಾರದ ವರ್ಷವೂ ಅವರಿಗೆ ಕೆಟ್ಟ ವರ್ಷವೇ. ನೀರು ಏರಿದಂತೆಲ್ಲ ಕಾಂಡ ಉದ್ದವಾಗಿ ತೆನೆಯನ್ನು ಮೇಲೆ ಹಿಡಿಯುವ ಆಳನೀರಿನ ಭತ್ತದ ತಳಿಗಳನ್ನು ಅವರು ಕಾಪಾಡಿಕೊಂಡು ಬಂದಿದ್ದಾರೆ. ಬಾರಿಸಾಲ್ ಕಡೆ ಅಂತರಗಂಗೆಯಂಥ ನೀರುಕಳೆಯನ್ನು ಮೆದೆ ಒಟ್ಟಿ ತೇಲುವ ಪಾತಿ ಮಾಡಿ, ಅದರ ಮೇಲೆ ತರಕಾರಿ ಸಸಿ ಬೆಳೆಸುತ್ತಾರೆ. ನದಿಯೊಳಗೆ ಹೂಳು ಕೂತು ಏಳುವ ‘ಚೊರ್’ ಎಂಬ ನಡುಗಡ್ಡೆಗಳ ಮೇಲೆ ಸಾಮಾನ್ಯವಾಗಿ ನೆಲೆಸುವವರು ಬೇರೆಲ್ಲೂ ನೆಲ ಸಿಗದ ಬಡವರು. ನದಿ ಕಿತ್ತುಕೊಂಡರೆ ಮನೆ ಬಿಚ್ಚಿ ದೋಣಿಗೆ ಹೇರಿ ಮುಂದಿನ ಚೊರ್‌ಗೆ ಹೊರಡುತ್ತಾರೆ. ಸಾಂದ್ರತೆ ಹೆಚ್ಚು ಅಂದಾಕ್ಷಣ ಅಲ್ಲಿ ಬದುಕು ಹಗುರ ಎಂದು ಮಕ್ಕಳು ತಿಳಿಯಬಾರದು.

ಈಗ ನಮ್ಮ ದಖ್ಖನ್ ಪೀಠಭೂಮಿ. ಇಲ್ಲಿ ಗಂಗೆಯ ಬಯಲಿನಂಥ ಮೆಕ್ಕಲು ಹಾಸಿಗೆ ಇಲ್ಲ, ಕೆಳಗೆ ಕಲ್ಲು. ಆದರೆ ಕಲ್ಲಿನಲ್ಲೂ ಎರಡು ಬಗೆ, ಅದರಿಂದಲೇ ಎರಡು ಬಗೆಯ ಬದುಕು. ವಿಜಯಪುರ, ಗದಗ, ಕಲಬುರಗಿ ಕಡೆಯ ಎರೆ ಭೂಮಿಯನ್ನು ತೆಗೆದುಕೊಳ್ಳಿ. ಒಂದು ಡಿಸೆಂಬರ್‌ನಲ್ಲಿ ಗದಗ ಸೀಮೆಯ ಹೊಲದಲ್ಲಿ ಬಿಳಿಜೋಳದ ನಡುವೆ ನಿಂತಿದ್ದೆ. ಮಳೆ ನಿಂತು ಎರಡು ತಿಂಗಳಾಗಿತ್ತು. ಮೇಲಿನ ಮಣ್ಣು ಬಾಯಿಬಿಟ್ಟು ಅಂಗೈ ಹೋಗುವಷ್ಟು ಬಿರುಕು. ಹೊಲದ ಯಜಮಾನರು ಕುಡಗೋಲಿನಿಂದ ಒಂದು ಗೇಣು ಕೆದಕಿ, ಕೆಳಗಿನ ಮಣ್ಣನ್ನು ಎತ್ತಿ ನನ್ನ ಕೈಗಿಟ್ಟು ‘ಹಿಚುಕಿ ನೋಡ್ರಿ ಸರ್’ ಅಂದರು. ಉಂಡೆ ಕಟ್ಟಿತು, ಕೈಗೆ ಕಪ್ಪು ಮೆತ್ತಿತು. ಉತ್ತರೆ, ಹಸ್ತ ಮಳೆ ಕುಡಿದ ಆ ಮಣ್ಣು ಸಂಕ್ರಾಂತಿ ದಾಟುವವರೆಗೂ ಜೋಳಕ್ಕೆ ತೇವ ಕೊಡುತ್ತದೆ. ಚಳಿಗಾಲದ ಇಬ್ಬನಿ ಒಂದಿಷ್ಟು ನೆರವು. ಕೆರೆ ಇಲ್ಲ, ಕಾಲುವೆ ಇಲ್ಲ, ಮಣ್ಣೇ ಅಲ್ಲಿನ ಕೆರೆ. ಆ ಸೀಮೆಯ ಜನ ಜೋಳದ ರೊಟ್ಟಿ ಉಣ್ಣುವುದಕ್ಕೂ ಆ ಮಣ್ಣಿನ ಗುಣಕ್ಕೂ ನೇರ ನಂಟಿದೆ.

ನಿಮ್ಮ ಕಡೆಯದು ಬಹುಪಾಲು ಗ್ರಾನೈಟ್, ನೈಸ್ ಕಲ್ಲು ಸವೆದು ಆದ ಕೆಮ್ಮಣ್ಣು. ಅದು ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ. ಕೆಳಗಿನ ಕಲ್ಲಿನಲ್ಲಿ ನೀರು ಕೂರಲು ಬಿರುಕುಗಳಲ್ಲದೆ ಬೇರೆ ಜಾಗವಿಲ್ಲ. ನೆಲ ಹಿಡಿದಿಡದ್ದನ್ನು ಜನವೇ ಹಿಡಿದಿಡಬೇಕಾಯಿತು. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎನ್ನುತ್ತಾರಲ್ಲ, ಅದರ ಹಿನ್ನೆಲೆ ಇದು. 500 ಮಿ.ಮೀ. ಎಂದರೆ ಕಡಿಮೆ ಅನ್ನಿಸುತ್ತದೆ. ಲೆಕ್ಕ ಹಾಕಿ: ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ನಿಮ್ಮ ಒಂದು ಎಕರೆಗೆ ವರ್ಷಕ್ಕೆ ಬೀಳುವುದು ಇಪ್ಪತ್ತು ಲಕ್ಷ ಲೀಟರ್. ಹತ್ತಾರು ಎಕರೆ ಬೀಳು ನೆಲದ ಹರಿವನ್ನು ಒಂದು ತಗ್ಗಿಗೆ ತಿರುಗಿಸಿ, ಏರಿ ಹಾಕಿ, ತೂಬಿಟ್ಟು, ಹೆಚ್ಚಾದದ್ದು ಕೋಡಿಯಲ್ಲಿ ಕೆಳಗಿನ ಕೆರೆಗೆ ಹೋಗುವ ಹಾಗೆ ಮಾಡಿದರೆ ಒಂದು ಅಚ್ಚುಕಟ್ಟು ಏಳುತ್ತದೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದನ್ನು ನೋಡಿಕೊಳ್ಳಲು ನೀರುಗಂಟಿ ಇದ್ದ. ಬೇಸಿಗೆಯಲ್ಲಿ ಕೆರೆಯ ಗೋಡು ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದರು, ಕೆರೆಯ ಹೂಳೂ ಹೋಯಿತು, ಹೊಲಕ್ಕೆ ಗೊಬ್ಬರವೂ ಆಯಿತು. ದಕ್ಷಿಣ ಭಾರತದ ಹಳ್ಳಿಗಳು ಬಹಳಷ್ಟು ಕಡೆ ಏರಿಯ ಕೆಳಗೇ ಏಕಿವೆ ಎಂದು ಮಗಳನ್ನು ಕೇಳಿ, ಅವಳೇ ಹೇಳುತ್ತಾಳೆ. ಶ್ರೀಲಂಕಾದ ಒಣ ಸೀಮೆ ಅನುರಾಧಪುರದ ಸುತ್ತಲೂ ಹೀಗೇ ಒಂದರ ಕೋಡಿ ಇನ್ನೊಂದಕ್ಕೆ ಸೇರುವ ಕೆರೆಸಾಲುಗಳಿವೆ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಇಲ್ಲ, ಆದರೂ ಕಲ್ಲುಗುಡ್ಡದ ನೀರನ್ನು ಒಂದು ತಗ್ಗಿನಲ್ಲಿ ಕಟ್ಟಿಹಾಕಿ, ಅದು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ ಬೆಳೆಯುವ ‘ಖಡೀನ್’ ಪದ್ಧತಿ ಇದೆ.

ಕೆರೆ ಇಲ್ಲದ ಕಡೆ ಒಣನೆಲ ಇನ್ನೊಂದು ದಾರಿ ಹಿಡಿಯಿತು. ನಿಮ್ಮ ತಾಲ್ಲೂಕಿನ ಶೇಂಗಾ, ಕಾವಲುಗಳ ದನ, ಕುರಿಮಂದೆ, ಕಂಬಳಿ ಎಲ್ಲವೂ ಕಡಿಮೆ ಮಳೆಗೆ ಕೊಟ್ಟ ಉತ್ತರಗಳೇ. ಬಯಲುಸೀಮೆಯ ಆ ಕಂಬಳಿ ಮಲೆನಾಡಿನಲ್ಲಿ ಕೊಪ್ಪೆಯಾಗಿ ಮಳೆ ತಡೆಯಿತು. ಮಳೆ ಇಲ್ಲದ ನಾಡು ಮಳೆ ಹೆಚ್ಚಾದ ನಾಡಿಗೆ ಹೊದಿಕೆ ಕೊಟ್ಟದ್ದು ನನಗೆ ಬಲು ಇಷ್ಟವಾದ ಭೂಗೋಳ.

ಇಷ್ಟು ಹೇಳಿ ಕಳೆದ ಐವತ್ತು ವರ್ಷಗಳ ಮಾತನ್ನು ಬಿಟ್ಟರೆ ತಪ್ಪಾಗುತ್ತದೆ. ಕೊಳವೆಬಾವಿ ಬಂದ ಮೇಲೆ ಮಳೆಗೂ ನೆಲಕ್ಕೂ ಇದ್ದ ಲೆಕ್ಕ ಕೆಟ್ಟಿತು. ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂತರ್ಜಲ ಎತ್ತುವ ದೇಶ ಈಗ ನಮ್ಮದು. ಪಂಜಾಬ್ ಅಷ್ಟೇನೂ ಮಳೆಯ ನಾಡಲ್ಲ, ಅಲ್ಲಿ ಭತ್ತ ಬೆಳೆಯುತ್ತಿರುವುದು ಪಂಪಿನ ಬಲದಿಂದ. ನೀರಿನ ಮಟ್ಟ ಕುಸಿಯುತ್ತಿರುವುದನ್ನು ಕಂಡು 2009ರಲ್ಲಿ ಜೂನ್ 10ಕ್ಕೆ ಮೊದಲು ನಾಟಿ ಮಾಡಬಾರದೆಂದು ಕಾಯ್ದೆ ತಂದರು, ಮಳೆಗಾಲಕ್ಕೆ ಹತ್ತಿರ ನಾಟಿಯಾದರೆ ನೀರು ಉಳಿಯಲಿ ಎಂದು. ಉದ್ದೇಶ ಒಳ್ಳೆಯದೇ. ಆದರೆ ಕೊಯ್ಲೂ ಮುಂದಕ್ಕೆ ಹೋಗಿ, ಗೋಧಿ ಬಿತ್ತನೆಗೆ ದಿನ ಸಾಲದೆ, ಭತ್ತದ ಕೂಳೆಗೆ ಬೆಂಕಿ ಇಡುವುದು ಚಳಿಗಾಲದ ಬಾಗಿಲಿಗೆ ಬಂತು. ಗಾಳಿ ಅಲುಗಾಡದ ಆ ದಿನಗಳಲ್ಲಿ ಹೊಗೆ ದೆಹಲಿಯ ಮೇಲೆ ಕೂರುವುದಕ್ಕೆ ಇದೂ ಒಂದು ಕಾರಣ. ಬಾಂಗ್ಲಾದೇಶ, ಪಶ್ಚಿಮ ಬಂಗಾಳಗಳಲ್ಲಿ ಕೊಳಕು ಕೊಳದ ನೀರು ಬೇಡವೆಂದು ತೋಡಿದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ವಿಷ ಸಿಕ್ಕಿತು. ನಮ್ಮ ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಬಾವಿಗಳಿವೆ. ಗಟ್ಟಿಕಲ್ಲಿನ ಬಿರುಕಿನಲ್ಲಿ ಕೂತ ಸ್ವಲ್ಪ ನೀರನ್ನು ಗಂಗಾಬಯಲಿನ ನೀರಿನ ಹಾಗೆ ಎತ್ತಿದ್ದರ ಫಲ ಅದು. ನೀರು ಬಿರುಕಿಗೆ ಇಳಿಯಲು ವರ್ಷಗಳು ಬೇಕು. ಎತ್ತಲು ಒಂದು ಬೇಸಿಗೆ ಸಾಕು.

ಪರೀಕ್ಷೆಯ ಮಾತಿಗೆ ಬರುತ್ತೇನೆ. ನೋಟ್ಸ್‌ನ ವಾಕ್ಯವನ್ನು ಅವಳು ಬರೆಯಲಿ, ಅಂಕ ಹೋಗುವುದು ಬೇಡ. ಅದರ ಕೆಳಗೆ ‘ಆದರೆ’ ಎಂದು ಹಾಕಿ ಮೂರು ಸಾಲು ಸೇರಿಸಲಿ: ಚೆರಾಪುಂಜಿಯಲ್ಲಿ ಮಳೆ ಹೆಚ್ಚು, ಕಡಿದಾದ ಸುಣ್ಣಗಲ್ಲಿನ ಗುಡ್ಡ ನೀರನ್ನು ಹಿಡಿಯದು, ಜನ ಕಡಿಮೆ. ಬಿಹಾರದಲ್ಲಿ ಮಳೆ ಸಾಧಾರಣ, ಸಮತಟ್ಟಾದ ಮೆಕ್ಕಲು ನೀರನ್ನು ಹಿಡಿಯುತ್ತದೆ, ಜನ ಹೆಚ್ಚು. ದಖ್ಖನ್‌ನಲ್ಲಿ ಮಳೆ ಕಡಿಮೆ, ಎರೆ ಮಣ್ಣು ಮತ್ತು ಕೆರೆಗಳು ನೀರನ್ನು ಹಿಡಿಯುತ್ತವೆ, ಜನ ಮಧ್ಯಮ. ಯಾವ ಮೇಷ್ಟ್ರೂ ಇದಕ್ಕೆ ಅಂಕ ಕಡಿಯುವುದಿಲ್ಲ. ಬಿಡುವಿದ್ದರೆ ಅಟ್ಲಾಸಿನಿಂದ ಭಾರತದ ಮಳೆ ನಕ್ಷೆ, ಜನಸಾಂದ್ರತೆ ನಕ್ಷೆ, ಮಣ್ಣಿನ ನಕ್ಷೆ ಮೂರನ್ನೂ ಟ್ರೇಸಿಂಗ್ ಪೇಪರಿನ ಮೇಲೆ ಇಳಿಸಿ ಒಂದರ ಮೇಲೊಂದು ಇಟ್ಟು ನೋಡಲಿ. ಮೊದಲೆರಡು ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಮೂರನೆಯದನ್ನು ನೋಡಬೇಕು.

ಇನ್ನೊಂದು ಕೆಲಸ ನಿಮಗೆ. ಒಂದು ಭಾನುವಾರ ಅವಳನ್ನು ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರಕ್ಕೆ ಕರೆದುಕೊಂಡು ಹೋಗಿ. ಎರಡು ಗುಡ್ಡಗಳ ನಡುವಿನ ಮಾರಿಕಣಿವೆಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಮುಗಿದ ಅಣೆಕಟ್ಟೆ ಅದು. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬೀಳಲು 2022ರವರೆಗೆ ಕಾಯಬೇಕಾಯಿತು. 2025ರ ಜನವರಿಯಲ್ಲಿ ಮೂರನೇ ಸಲ ತುಂಬಿತು. ಅಲ್ಲಿ ನಿಂತಿರುವ ನೀರಿನಲ್ಲಿ ದೊಡ್ಡ ಪಾಲು ಹಿರಿಯೂರಿನ ಮೇಲೆ ಬಿದ್ದ ಮಳೆಯಲ್ಲ. ಬಾಬಾಬುಡನ್‌ಗಿರಿಯ ಕಡೆ ಬಿದ್ದು ವೇದಾವತಿಯಲ್ಲಿ ಹರಿದು ಬಂದದ್ದು. ಈಚಿನ ವರ್ಷಗಳಲ್ಲಿ ಭದ್ರೆಯ ನೀರನ್ನೂ ಎತ್ತಿ ತಂದು ಅದಕ್ಕೆ ಸೇರಿಸುತ್ತಿದ್ದಾರೆ. ಕಟ್ಟೆಯ ಮೇಲೆ ನಿಂತು ಪಶ್ಚಿಮದ ಕಡೆ ಕೈ ತೋರಿಸಿ, ಘಟ್ಟದ ಮಳೆ ಯಾವ ದಾರಿಯಲ್ಲಿ ಇಲ್ಲಿಗೆ ಬಂದಿರಬಹುದು ಎಂದು ಅವಳನ್ನೇ ನಕ್ಷೆಯಲ್ಲಿ ಗೆರೆ ಎಳೆಯಲು ಹೇಳಿ. ಅವಳು ಎಳೆದ ಗೆರೆಯನ್ನು ನನಗೂ ಕಳಿಸಿ, ನೋಡುವ ಆಸೆಯಿದೆ.